ಬಾಗಿಲು ತೆಗೆದರು, ಒಳಗೆ ಗೋಡೆ ಎಬ್ಬಿಸಿದರು

ಹಾಸ್ಟೆಲಿನ ಗೆಳೆಯರೆ, ಗೆಳತಿಯರೆ,

ನಮ್ಮ ಹಾಸ್ಟೆಲುಗಳ ಗೋಡೆ ಮೇಲೆ ಒಂದು ನಿಯಮಾವಳಿ ಅಂಟಿಸಿರುತ್ತಾರೆ. ಇಷ್ಟು ಗಂಟೆಗೆ ಗೇಟು ಬಂದ್, ಇಷ್ಟು ಗಂಟೆಗೆ ದೀಪ ಬಂದ್, ಹೊರಗಿನವರಿಗೆ ಪ್ರವೇಶ ಇಲ್ಲ, ಕೊನೆಗೆ ವಾರ್ಡನ್ ಸಹಿ. ಸೇರಿದ ದಿನ ಒಂದು ಸಲ ಓದುತ್ತೇವೆ, ಆಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಇವತ್ತು ದೂರದ ಒಂದು ಕ್ರೈಸ್ತ ವಿಶ್ವವಿದ್ಯಾಲಯದ ನಿಯಮಾವಳಿಯನ್ನು ನಿಮ್ಮ ಮುಂದೆ ಇಡುತ್ತೇನೆ. ಅದರಲ್ಲಿ ನಾಲ್ಕು ಅಂಶಗಳಿದ್ದವು. ಅವುಗಳ ಸಾರಾಂಶ ಇದು:

ಬೇರೆ ಜನಾಂಗದವರನ್ನು ಮದುವೆಯಾಗಿರುವ ವಿದ್ಯಾರ್ಥಿಯನ್ನು ಹೊರಗೆ ಹಾಕಲಾಗುವುದು. ಅಂಥ ಮದುವೆಯನ್ನು ಬೆಂಬಲಿಸುವ ಯಾವುದೇ ಸಂಘದ ಸದಸ್ಯನನ್ನು ಹೊರಗೆ ಹಾಕಲಾಗುವುದು. ತನ್ನ ಜನಾಂಗ ಬಿಟ್ಟು ಹೊರಗಿನವರ ಜೊತೆ ಜೋಡಿಯಾಗಿ ಓಡಾಡುವವನನ್ನು ಹೊರಗೆ ಹಾಕಲಾಗುವುದು. ಈ ನಿಯಮ ಮುರಿಯಿರಿ ಅಂತ ಬೇರೆಯವರಿಗೆ ಹೇಳಿಕೊಡುವವನನ್ನೂ ಹೊರಗೆ ಹಾಕಲಾಗುವುದು.

ಇದು ಯಾವ ಮಠದ ಕಟ್ಟಳೆ, ಯಾವ ಊರ ಪಂಚಾಯ್ತಿ ತೀರ್ಮಾನ ಅಂತ ಕೇಳಬೇಡಿ. ಅಮೆರಿಕಾದ ದಕ್ಷಿಣ ಕೆರೊಲಿನಾ ರಾಜ್ಯದ ಗ್ರೀನ್‌ವಿಲ್ ಪಟ್ಟಣದಲ್ಲಿ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಅಂತ ಒಂದಿದೆ. ಬೈಬಲ್ಲೇ ಪ್ರಮಾಣ ಎನ್ನುವ ಕಟ್ಟಾ ಕ್ರೈಸ್ತ ಸಂಸ್ಥೆ. ಬಾಬ್ ಜೋನ್ಸ್ ಎಂಬ ಪ್ರವಚನಕಾರ 1927ರಲ್ಲಿ ಫ್ಲಾರಿಡಾದಲ್ಲಿ ಶುರುಮಾಡಿದ್ದು 1947ರಲ್ಲಿ ಗ್ರೀನ್‌ವಿಲ್‌ಗೆ ಬಂತು. ಶಿಶುವಿಹಾರದಿಂದ ಹಿಡಿದು ಉನ್ನತ ಪದವಿಯವರೆಗೆ ಸುಮಾರು 5000 ಮಕ್ಕಳು ಅಲ್ಲಿ ಓದುತ್ತಿದ್ದ ಕಾಲದ ನಿಯಮ ಇದು.

ಅಲ್ಲಿ ಶಿಸ್ತು ಅಂದರೆ ಶಿಸ್ತು. ದಿನಾ ಪ್ರಾರ್ಥನೆಗೆ ಹಾಜರಾಗಬೇಕಿತ್ತು. ಗಂಡು ಹೆಣ್ಣು ಕೈಗೆ ಕೈ ತಾಗಿಸುವಂತಿರಲಿಲ್ಲ, ಭೇಟಿಯಾದರೂ ಹಿರಿಯರ ಕಣ್ಣೆದುರಿಗೇ ಆಗಬೇಕಿತ್ತು. ರಾಕ್ ಸಂಗೀತ ಕೇಳುವಂತಿರಲಿಲ್ಲ. ತಪ್ಪಿದರೆ ಹೆಸರಿನ ಮುಂದೆ ತಪ್ಪಂಕ ಬೀಳುತ್ತಿತ್ತು, ತಪ್ಪಂಕ ಮಿತಿ ಮೀರಿದರೆ ಮನೆಗೆ ದಾರಿ. "ಮಕ್ಕಳನ್ನು ಅಂಕೆಯಲ್ಲಿ ಇಟ್ಟಿದ್ದಾರೆ" ಅಂತ ಅಪ್ಪ ಅಮ್ಮಂದಿರು ಮೆಚ್ಚಿ ಕಳಿಸುತ್ತಿದ್ದರು. ನನ್ನ ತಕರಾರು ಬೆಳಗ್ಗೆ ಬೇಗ ಎಬ್ಬಿಸುವುದರ ಮೇಲಲ್ಲ, ಕುಡಿದು ಬರಬೇಡ ಅನ್ನುವುದರ ಮೇಲೂ ಅಲ್ಲ. ನೂರು ಜನ ಒಂದೇ ಸೂರಿನಡಿ ಬದುಕುವ ಕಡೆ ನಿಯಮ ಬೇಕು. ಆದರೆ ಒಳ್ಳೆಯ ನಿಯಮಗಳ ಸಾಲಿನ ನಡುವೆ ರಕ್ತ ಕಾಯುವ ನಿಯಮವೊಂದು ಸದ್ದಿಲ್ಲದೆ ಬಂದು ಕೂತುಬಿಡುತ್ತೆ. ದೀಪ ಆರಿಸುವ ನಿಯಮಕ್ಕೆ ಕೊಡುವ ಮರ್ಯಾದೆಯನ್ನೇ ಅದಕ್ಕೂ ಕೊಡು ಅನ್ನುತ್ತೆ. ಅಪಾಯ ಇರುವುದು ಅಲ್ಲಿ.

ಆ ನಿಯಮ ಬಂದ ದಾರಿ ನೋಡಿ. 1971ರವರೆಗೆ ಆ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನರಿಗೆ ಪ್ರವೇಶವೇ ಇರಲಿಲ್ಲ. ಊರಿಗೆ ಹೊರಗಿನ ಕೇರಿ ನಮಗೆ ಗೊತ್ತಲ್ಲ, ಹಾಗೆ. ಜನಾಂಗ ಭೇದ ಮಾಡುವ ಖಾಸಗಿ ಶಾಲೆಗಳಿಗೆ ತೆರಿಗೆ ವಿನಾಯಿತಿ ಕೊಡುವುದಿಲ್ಲ ಅಂತ 1970ರಲ್ಲಿ ಸರ್ಕಾರದ ತೆರಿಗೆ ಇಲಾಖೆ ಹೇಳಿತು. ಆಮೇಲೆ 1971ರಲ್ಲಿ ಬಾಗಿಲು ಒಂದಿಷ್ಟು ತೆಗೆಯಿತು. ಯಾರಿಗೆ? ಮದುವೆಯಾದ ಕಪ್ಪು ಜನರಿಗೆ ಮಾತ್ರ, ಅದೂ ತಮ್ಮ ಜನಾಂಗದಲ್ಲೇ ಮದುವೆಯಾಗಿದ್ದರೆ! ಮದುವೆಯಾಗದ ಕಪ್ಪು ಹುಡುಗನಿಗೆ, ಹುಡುಗಿಗೆ 1975ರ ಮೇ ತಿಂಗಳವರೆಗೂ ಜಾಗ ಇರಲಿಲ್ಲ. ಖಾಸಗಿ ಶಾಲೆಗಳೂ ಬಣ್ಣ ನೋಡಿ ಹೊರಗಿಡುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಅವರನ್ನೂ ಸೇರಿಸಿಕೊಂಡರು. ಸೇರಿಸಿಕೊಳ್ಳುತ್ತಿದ್ದ ಹಾಗೇ ಮೇಲೆ ಹೇಳಿದ ನಾಲ್ಕು ಅಂಶಗಳನ್ನು ನಿಯಮಾವಳಿಗೆ ಹಾಕಿದರು.

ಇವರ ಭಯ ಯಾವುದು ಅಂತ ಇದರಲ್ಲೇ ಗೊತ್ತಾಗುತ್ತಲ್ಲ! ಕಪ್ಪು ವಿದ್ಯಾರ್ಥಿಗೆ ಓದು ಬರುವುದಿಲ್ಲ ಅನ್ನುವುದು ಭಯ ಅಲ್ಲ. ಕೊಳಕು, ಒರಟು, ಕಳ್ಳ ಅನ್ನುವುದೂ ಅಲ್ಲ. ಹಾಗಿದ್ದರೆ ಮದುವೆಯಾದವನೂ ಬೇಡವಾಗಬೇಕಿತ್ತು. ಭಯ ಇದ್ದದ್ದು ಒಂದಕ್ಕೇ: ಎಲ್ಲಿ ನಮ್ಮ ಹೆಣ್ಣು ಅವನ ಕೈ ಹಿಡಿದುಬಿಡುತ್ತಾಳೋ, ನಮ್ಮ ಹುಡುಗ ಅವಳ ಕೈ ಹಿಡಿದುಬಿಡುತ್ತಾನೋ! ಪಾಠ ಒಟ್ಟಿಗೆ ಕೇಳಿ, ಪ್ರಾರ್ಥನೆ ಒಟ್ಟಿಗೆ ಮಾಡಿ, ಆದರೆ ನಂಟಸ್ತನ ಮಾತ್ರ ಬೇಡ. ಹೊರಗಿನ ಬಾಗಿಲು ತೆಗೆದರು, ಒಳಗೆ ಗೋಡೆ ಎಬ್ಬಿಸಿದರು.

ಈ ಮಾತು ನಮಗೆ ಹೊಸದಲ್ಲ. "ನಾವು ಜಾತಿ ಮಾಡೋದಿಲ್ಲಪ್ಪ, ಟೀ ಕೊಡ್ತೀವಿ, ಪಕ್ಕದಲ್ಲಿ ಕೂರಿಸಿಕೊಳ್ತೀವಿ, ಆದರೆ ಮದುವೆ ವಿಷಯ ಬೇರೆ" ಅನ್ನುವ ಮೇಷ್ಟ್ರುಗಳನ್ನು ನಾವು ನೋಡಿಲ್ಲವೆ? ಬಾಬಾಸಾಹೇಬರು ಇದನ್ನು ಅಮೆರಿಕಾದಲ್ಲೇ ಕೂತು ಹೇಳಿದ್ದರು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗೋಷ್ಠಿಯೊಂದರಲ್ಲಿ, 25 ವರ್ಷದ ವಿದ್ಯಾರ್ಥಿಯಾಗಿ, ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜಾತಿಯ ಜೀವ ಇರುವುದು ಒಳಮದುವೆಯಲ್ಲಿ, ಅದನ್ನು ಕಾಯುವುದಕ್ಕೇ ಉಳಿದೆಲ್ಲ ಕಟ್ಟುಪಾಡು ಹುಟ್ಟಿದ್ದು ಅಂತ ತೋರಿಸಿಕೊಟ್ಟರು. ಅವರು ಅದನ್ನು ಓದುತ್ತಿದ್ದಾಗ ದಕ್ಷಿಣ ಕೆರೊಲಿನಾದ ಸಂವಿಧಾನದಲ್ಲೇ ಕಪ್ಪು ಬಿಳಿ ಮದುವೆಗೆ ನಿಷೇಧ ಇತ್ತು. 1895ರಲ್ಲಿ ಬರೆದ ಆ ಸಾಲನ್ನು ಕಿತ್ತು ಹಾಕಲು ಜನ ಮತ ಹಾಕಿದ್ದು 1998ರಲ್ಲಿ. ಆಗಲೂ ಮತ ಹಾಕಿದ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ "ಕೀಳಬೇಡಿ" ಅಂದರು.

ಇನ್ನು ಅವರ ವಾದ ಕೇಳಿ. "ನಾವು ಭೇದ ಎಲ್ಲಿ ಮಾಡಿದ್ದೇವೆ? ಕಪ್ಪು ಹುಡುಗನಿಗೂ ಅದೇ ನಿಯಮ, ಬಿಳಿ ಹುಡುಗನಿಗೂ ಅದೇ ನಿಯಮ. ಇಬ್ಬರನ್ನೂ ಹೊರಗೆ ಹಾಕ್ತೀವಿ." ಎಂಥಾ ಸಮಾನತೆ! ಮೇಲ್ನೋಟಕ್ಕೆ ತಕ್ಕಡಿ ಸಮ ಇದ್ದ ಹಾಗೇ ಕಾಣುತ್ತೆ. ಆದರೆ ಊರವನು ಕೇರಿಗೆ ಬರಬಾರದು, ಕೇರಿಯವನು ಊರಿಗೆ ಹೋಗಬಾರದು ಅಂದರೆ ಅದು ಇಬ್ಬರಿಗೂ ಒಂದೇ ನಿಯಮವೆ? ಬಾವಿ ಎಲ್ಲಿದೆ? ಗುಡಿ ಎಲ್ಲಿದೆ? ಹೊಲ ಯಾರ ಹೆಸರಿನಲ್ಲಿದೆ? ಗೋಡೆಗೆ ಎರಡು ಪಕ್ಕ ಇರುತ್ತೆ ನಿಜ, ಆದರೆ ಅದನ್ನು ಕಟ್ಟಿದವನು ಒಂದೇ ಪಕ್ಕದವನು.

ಈ ಸುಳ್ಳು ಸಮಾನತೆಯನ್ನು ಅಮೆರಿಕಾದ ಸುಪ್ರೀಂ ಕೋರ್ಟು 1967ರಲ್ಲೇ ಬಯಲು ಮಾಡಿತ್ತು. ವರ್ಜೀನಿಯಾದ ರಿಚರ್ಡ್ ಲವಿಂಗ್ ಎಂಬ ಬಿಳಿಯ, ಮಿಲ್ಡ್ರೆಡ್ ಎಂಬ ಕಪ್ಪು ಹೆಣ್ಣುಮಗಳು 1958ರಲ್ಲಿ ಮದುವೆಯಾದರು. ಅದಕ್ಕೆ ಅವರಿಗೆ ಒಂದು ವರ್ಷದ ಜೈಲು ವಿಧಿಸಿ, 25 ವರ್ಷ ರಾಜ್ಯ ಬಿಟ್ಟು ಹೋದರೆ ಶಿಕ್ಷೆ ಇಲ್ಲ ಅಂದರು. ದೇವರೇ ಒಂದೊಂದು ಬಣ್ಣದವರನ್ನು ಒಂದೊಂದು ಖಂಡದಲ್ಲಿ ಇಟ್ಟಿದ್ದಾನೆ ಅಂತ ಕೆಳಗಿನ ಕೋರ್ಟಿನ ಜಡ್ಜು ಉಪದೇಶವನ್ನೂ ಮಾಡಿದ. ಅಲ್ಲೂ ಸರ್ಕಾರದ ವಾದ ಇದೇ: ಇಬ್ಬರಿಗೂ ಸಮನಾಗಿ ಶಿಕ್ಷೆ ಕೊಟ್ಟಿದ್ದೇವಲ್ಲ. ಒಂಬತ್ತೂ ನ್ಯಾಯಮೂರ್ತಿಗಳು ಆ ವಾದವನ್ನು ತಳ್ಳಿಹಾಕಿದರು.

ವಿಶ್ವವಿದ್ಯಾಲಯ ಮಾತ್ರ ಬಗ್ಗಲಿಲ್ಲ. 1976ರ ಜನವರಿಯಲ್ಲಿ ತೆರಿಗೆ ಇಲಾಖೆ ಅದರ ವಿನಾಯಿತಿ ಕಿತ್ತುಕೊಂಡಿತು. ಒಬ್ಬ ನೌಕರನ ಲೆಕ್ಕದಲ್ಲಿ 21 ಡಾಲರ್ ತೆರಿಗೆ ಕಟ್ಟಿ, ಆ 21 ಡಾಲರ್ ವಾಪಸ್ ಕೊಡಿ ಅಂತ ವಿಶ್ವವಿದ್ಯಾಲಯ ಕೋರ್ಟಿಗೆ ಹೋಯಿತು. ನೀವೇ ನಮಗೆ ನಾಲ್ಕು ಲಕ್ಷ ಎಂಬತ್ತೊಂಬತ್ತು ಸಾವಿರಕ್ಕೂ ಹೆಚ್ಚು ಡಾಲರ್ ಬಾಕಿ ಕೊಡಬೇಕು ಅಂತ ಸರ್ಕಾರ ಎದುರು ದಾವೆ ಹಾಕಿತು. ಏಳು ವರ್ಷ ಎಳೆದಾಡಿದರು. 1982ರ ಜನವರಿಯಲ್ಲಿ ರೇಗನ್ ಸರ್ಕಾರ ತಿರುಗಿ ಬಿದ್ದು ವಿಶ್ವವಿದ್ಯಾಲಯದ ಕಡೆ ವಾಲಿತು. ಆಗ ಕೆಳಗಿನ ತೀರ್ಪಿನ ಪರ ವಾದಿಸುವವರೇ ಇಲ್ಲದಂತಾಗಿ, ಸುಪ್ರೀಂ ಕೋರ್ಟು ತಾನೇ ಒಬ್ಬ ವಕೀಲರನ್ನು ನೇಮಿಸಿತು. ಅವರು ವಿಲಿಯಂ ಕೋಲ್ಮನ್, ಕಪ್ಪು ಮನೆತನದ ಮಗ. 1983ರ ಮೇ 24ರಂದು ಎಂಟು ಜನ ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಮಾತ್ರ ಇನ್ನೊಂದು ಕಡೆ. ವಿಶ್ವವಿದ್ಯಾಲಯ ಸೋತಿತು.

ಆ ತೀರ್ಪಿನಿಂದ ಎರಡು ಮಾತು ನೆನಪಿಡಬೇಕು. ಯಾರ ಜೊತೆ ಸೇರುತ್ತೀಯ, ಯಾರ ಕೈ ಹಿಡಿಯುತ್ತೀಯ ಅನ್ನುವುದನ್ನು ಜನಾಂಗದ ಮೇಲೆ ತಡೆಯುವುದೂ ಜನಾಂಗ ಭೇದವೇ, ನಿಯಮ ಎಲ್ಲರಿಗೂ ಒಂದೇ ಅಂದರೂ ಸರಿಯೆ. ಇದು ಒಂದು. ನಿನ್ನ ನಂಬಿಕೆ ನಿನಗೆ ಇರಲಿ, ಆದರೆ ಭೇದ ಮಾಡಿಕೊಂಡೇ ಸಾರ್ವಜನಿಕರ ದುಡ್ಡಿನ ಸವಲತ್ತು ಕೇಳಬೇಡ. ಇದು ಎರಡು. ತೆರಿಗೆ ವಿನಾಯಿತಿ ಅಂದರೆ ಏನು? ಒಬ್ಬ ಕಟ್ಟದೇ ಬಿಟ್ಟ ತೆರಿಗೆಯ ಹೊರೆ ಉಳಿದವರ ಮೇಲೆ ಬೀಳುತ್ತೆ. ಕಪ್ಪು ಕೂಲಿಕಾರ ಕಟ್ಟಿದ ತೆರಿಗೆಯಲ್ಲಿ ಅವನ ಮಗನನ್ನೇ ಹೊರಗಿಡುವ ಸಂಸ್ಥೆ ಬೆಳೆಯಬೇಕೆ? ನಮ್ಮಲ್ಲೂ ಅನುದಾನ ತಿನ್ನುವ, ಸರ್ಕಾರದ ಜಮೀನಿನ ಮೇಲೆ ಎದ್ದು ನಿಂತ ಸಂಸ್ಥೆಗಳನ್ನು ಇದೇ ಪ್ರಶ್ನೆ ಕೇಳಬೇಕು.

"ಇದು ನಮ್ಮ ಧರ್ಮ, ಬೈಬಲ್ಲಿನಲ್ಲೇ ಇದೆ" ಅಂದರು ಅವರು. ಹೌದಾ? 1960ರ ಈಸ್ಟರ್ ಹಬ್ಬದ ದಿನ ಮೊದಲನೆಯ ಬಾಬ್ ಜೋನ್ಸ್ ರೇಡಿಯೋದಲ್ಲಿ ಪ್ರವಚನ ಮಾಡಿ, ಜನಾಂಗಗಳನ್ನು ಬೇರೆ ಬೇರೆ ಇಡುವುದೇ ದೇವರ ಇಚ್ಛೆ ಅಂದರು. ಅವರು ಊರುಗೋಲು ಮಾಡಿಕೊಂಡದ್ದು ಅಪೊಸ್ತಲರ ಕೃತ್ಯಗಳು ಪುಸ್ತಕದ 17ನೇ ಅಧ್ಯಾಯದ 26ನೇ ವಚನವನ್ನು. ಆ ವಚನದಲ್ಲಿ ಎರಡು ಭಾಗ ಇದೆ. ಮನುಷ್ಯರೆಲ್ಲ ಒಂದೇ ಮೂಲದಿಂದ ಆದವರು ಅನ್ನುವುದು ಮೊದಲ ಭಾಗ. ಅವರವರ ವಾಸದ ಎಲ್ಲೆಯನ್ನು ದೇವರು ಗೊತ್ತುಮಾಡಿದ ಅನ್ನುವುದು ಎರಡನೆಯದು. ಪ್ರವಚನಕಾರರು ಎರಡನೆಯದನ್ನು ಹಿಡಿದು ಎಳೆದರು, ಮೊದಲನೆಯದನ್ನು ನುಂಗಿಕೊಂಡರು.

ಈಗ ಇನ್ನೊಂದು ಕಾಲೇಜಿನ ಕಡೆ ನೋಡಿ. ಇದೂ ಕ್ರೈಸ್ತರದ್ದೇ, ಇದೂ ಅಮೆರಿಕಾದ ದಕ್ಷಿಣದಲ್ಲೇ. ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು. ಗುಲಾಮರನ್ನು ಇಟ್ಟುಕೊಂಡಿದ್ದ ಮನೆಯಲ್ಲಿ ಹುಟ್ಟಿ, ಗುಲಾಮಗಿರಿಗೆ ತಿರುಗಿ ಬಿದ್ದ ಜಾನ್ ಫೀ ಎಂಬ ಪಾದ್ರಿ 1855ರಲ್ಲಿ ಶುರುಮಾಡಿದ್ದು. 1859ರಲ್ಲಿ ಗುಲಾಮಗಿರಿಯ ಪರವಾದ ಗುಂಪು ಬಂದು ಇವರನ್ನೆಲ್ಲ ಊರು ಬಿಡಿಸಿತು. ಯುದ್ಧ ಮುಗಿದ ಮೇಲೆ ಮತ್ತೆ ಬಂದರು, ಕಪ್ಪು ಬಿಳಿ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿದರು. 1872ರಲ್ಲಿ ಅದರ ಆಡಳಿತ ಮಂಡಳಿ ಕಪ್ಪು ಬಿಳಿ ವಿದ್ಯಾರ್ಥಿಗಳು ಜೋಡಿಯಾಗಿ ಓಡಾಡಬಹುದು ಅಂತಲೇ ನಿರ್ಣಯ ಮಾಡಿತು. ಬಾಬ್ ಜೋನ್ಸರ ನಿಯಮಕ್ಕೆ ನೂರು ವರ್ಷ ಮೊದಲು! ಬೆರಿಯಾದ ಧ್ಯೇಯವಾಕ್ಯ ಯಾವುದು ಗೊತ್ತೆ? ಅದೇ ಪುಸ್ತಕ, ಅದೇ 17ನೇ ಅಧ್ಯಾಯ, ಅದೇ 26ನೇ ವಚನ. ಬಾಬ್ ಜೋನ್ಸ್ ನುಂಗಿಕೊಂಡ ಮೊದಲನೆಯ ಭಾಗ.

ಬೆರಿಯಾದಲ್ಲಿ ಬೋಧನಾ ಶುಲ್ಕ ಇಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡಲೇಬೇಕು. ಇದೂ ನಿಯಮವೇ, ಇದೂ ಶಿಸ್ತೇ. ಕೆಲಸಕ್ಕೆ ಒಂದು ಜಾತಿ, ಓದಿಗೆ ಇನ್ನೊಂದು ಜಾತಿ ಅನ್ನುವುದನ್ನು ಮುರಿಯುವ ಶಿಸ್ತು ಅದು. ಗುಲಾಮರಾಗಿದ್ದ ಅಪ್ಪ ಅಮ್ಮನಿಗೆ ಹುಟ್ಟಿ, ಕಲ್ಲಿದ್ದಲು ಗಣಿಯಲ್ಲಿ ದುಡಿದ ಕಾರ್ಟರ್ ವುಡ್ಸನ್ 1903ರಲ್ಲಿ ಅಲ್ಲಿ ಪದವಿ ಪಡೆದರು. ಕಪ್ಪು ಜನರಿಗೆ ಚರಿತ್ರೆಯೇ ಇಲ್ಲ ಅನ್ನುತ್ತಿದ್ದ ಕಾಲದಲ್ಲಿ ಆ ಚರಿತ್ರೆ ಬರೆದವರು ಅವರು.

ಬೆರಿಯಾ ದೇವಲೋಕ ಆಗಿತ್ತು ಅಂತ ನಾನು ಹೇಳುತ್ತಿಲ್ಲ. 1892ರಿಂದ ಬಂದ ಅಧ್ಯಕ್ಷರು ಬೆಟ್ಟಸೀಮೆಯ ಬಡ ಬಿಳಿಯರ ಕಡೆಗೇ ಹೆಚ್ಚು ವಾಲಿದರು. 1904ರಲ್ಲಿ ಕೆಂಟಕಿ ಸರ್ಕಾರ ಕಪ್ಪು ಬಿಳಿ ಮಕ್ಕಳಿಗೆ ಒಟ್ಟಿಗೆ ಪಾಠ ಹೇಳುವುದೇ ಅಪರಾಧ ಅಂತ ಕಾನೂನು ಮಾಡಿತು. ಬೆರಿಯಾ ಕೋರ್ಟಿಗೆ ಹೋಯಿತು, 1908ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆ ಕಾನೂನು ಸಡಿಲವಾದದ್ದು 1950ರಲ್ಲಿ, ಆಗ ಬೆರಿಯಾ ಮತ್ತೆ ಬಾಗಿಲು ತೆಗೆಯಿತು. ಒಂದು ಕಾಲೇಜು ಭೇದ ಮಾಡುವುದಿಲ್ಲ ಅಂದಾಗ ಧರ್ಮ ಸ್ವಾತಂತ್ರ್ಯದ ಹೆಸರಿನಲ್ಲಿ ಅದನ್ನು ಯಾವ ದೊಡ್ಡವರೂ ಕಾಯಲಿಲ್ಲ. ಇನ್ನೊಂದು ಭೇದ ಮಾಡ್ತೀನಿ ಅಂದಾಗ ಅದರ ಬೆನ್ನಿಗೆ ರಾಷ್ಟ್ರಾಧ್ಯಕ್ಷನ ಸರ್ಕಾರವೇ ನಿಂತಿತು.

ಒಂದೇ ವಚನದ ಒಂದು ತುದಿ ಹಿಡಿದು ಒಬ್ಬರು ಬೆಂಚು ಹಾಕಿದರು, ಇನ್ನೊಂದು ತುದಿ ಹಿಡಿದು ಇನ್ನೊಬ್ಬರು ಗೋಡೆ ಕಟ್ಟಿದರು. ಅಂದರೆ ನಿಯಮ ಬರೆದದ್ದು ದೇವರಲ್ಲ, ಪೆನ್ನು ಹಿಡಿದವರು. ಕ್ರೈಸ್ತ ಧರ್ಮವನ್ನು ಹೀಗಳೆಯಲು ನಾನು ಇದನ್ನು ಬರೆಯುತ್ತಿಲ್ಲ. ನಮ್ಮವರಲ್ಲಿ ಎಷ್ಟೋ ಮನೆಗಳಿಗೆ ಮೊದಲ ಅಕ್ಷರ ಬಂದದ್ದು ಮಿಷನ್ ಶಾಲೆಯಿಂದ. ಮಾರ್ಟಿನ್ ಲೂಥರ್ ಕಿಂಗ್ ಕೂಡ ಪಾದ್ರಿಯೇ. ಪುಸ್ತಕ ಎಷ್ಟೇ ಪವಿತ್ರವಾಗಿರಲಿ, ಅದರ ಅರ್ಥ ಹೇಳುವವನ ಮನೆಯ ಹಿತ್ತಲು ನೋಡಬೇಕು ಅನ್ನುವುದಷ್ಟೇ ನನ್ನ ಮಾತು.

ಆ ನಿಯಮ ಕೊನೆಗೆ ಏನಾಯಿತು? 1983ರಲ್ಲಿ ಸೋತ ಮೇಲೂ ವಿಶ್ವವಿದ್ಯಾಲಯ ತೆರಿಗೆ ಕಟ್ಟಿ ನಿಯಮ ಉಳಿಸಿಕೊಂಡಿತು, ಇನ್ನೂ 17 ವರ್ಷ! ದುಡ್ಡು ಹೋದರೂ ಚಿಂತೆಯಿಲ್ಲ, ರಕ್ತ ಬೆರೆಯಬಾರದು. 2000ದ ಫೆಬ್ರುವರಿಯಲ್ಲಿ ಚುನಾವಣೆಗೆ ನಿಂತಿದ್ದ ಜಾರ್ಜ್ ಬುಷ್ ಅಲ್ಲಿ ಭಾಷಣ ಮಾಡಿ ಹೋದ ಮೇಲೆ ದೇಶವೆಲ್ಲ ಛೀಮಾರಿ ಹಾಕಿತು. ಮಾರ್ಚ್ 3ರಂದು ಮೂರನೆಯ ಬಾಬ್ ಜೋನ್ಸ್ ಟೆಲಿವಿಷನ್ನಿನಲ್ಲಿ ಕೂತು ನಿಯಮ ಕೈಬಿಟ್ಟೆವು ಅಂದರು. ದೇವರ ಆಜ್ಞೆ ಅಂತ ಹೇಳುತ್ತಿದ್ದದ್ದು ಒಂದು ರಾತ್ರಿಯಲ್ಲಿ ಹೋಯಿತು! 2008ರಲ್ಲಿ, ಹಳೆಯ ವಿದ್ಯಾರ್ಥಿಗಳು, ಓದುತ್ತಿದ್ದ ವಿದ್ಯಾರ್ಥಿಗಳು ಸಹಿ ಹಾಕಿ ಒತ್ತಾಯಿಸಿದ ಮೇಲೆ, ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ನಾವು ಧರ್ಮಗ್ರಂಥದ ಬದಲು ಸುತ್ತಲಿನ ಸಮಾಜದ ರೂಢಿಯನ್ನೇ ಅನುಸರಿಸಿದೆವು ಅಂತ ಒಪ್ಪಿಕೊಂಡಿತು. 2017ರಲ್ಲಿ ತೆರಿಗೆ ವಿನಾಯಿತಿಯೂ ಮತ್ತೆ ಸಿಕ್ಕಿತು. ಕೋರ್ಟು ದಂಡ ಹಾಕಬಹುದು. ಆದರೆ ಮನಸ್ಸಿನ ಒಳಗಿನಿಂದ ತಪ್ಪೊಪ್ಪಿಗೆ ಹೊರಡಿಸಿದ್ದು ಅಲ್ಲಿ ಓದಿದ ಮಕ್ಕಳ ಸಹಿ. ಹಾಸ್ಟೆಲಿನ ಹುಡುಗರು ಇದನ್ನು ಮರೆಯಬಾರದು.

ಗೆಳೆಯರೆ, ಇಲ್ಲಿಗೆ ನಿಲ್ಲಿಸಿದ್ದರೆ ನಿಮಗೂ ಖುಷಿ, ನನಗೂ ಖುಷಿ. ಬಿಳಿಯರನ್ನು ಬಯ್ದು, ಸವರ್ಣೀಯರನ್ನು ಬಯ್ದು, ಮೆಸ್‌ಗೆ ಊಟಕ್ಕೆ ಹೋಗಬಹುದಿತ್ತು. ಆದರೆ ಆ ಮೆಸ್ಸಿನ ಸಾಲನ್ನೇ ಒಮ್ಮೆ ನೋಡಿ. ಎಡಗೈಯವರು ಒಂದು ಮೂಲೆ, ಬಲಗೈಯವರು ಒಂದು ಮೂಲೆ ಕೂರುವ ಹಾಸ್ಟೆಲುಗಳು ಇಲ್ಲವೆ? ರೂಮು ಹಂಚುವಾಗ "ನಮ್ಮೋರೇನಾ?" ಅಂತ ಕಿವಿಯಲ್ಲಿ ಕೇಳುವುದಿಲ್ಲವೆ? ಸಭೆಯಲ್ಲಿ ಅಂತರ್ಜಾತಿ ಮದುವೆ ಬಗ್ಗೆ ಗಂಟಲು ಹರಿದುಕೊಂಡು, ಹೊಲೆಯರ ಹುಡುಗಿ ಮಾದಿಗರ ಹುಡುಗನನ್ನು ಮೆಚ್ಚಿದಳು ಅಂದಾಗ ಸುಮ್ಮನಾದವರು ಎಷ್ಟು ಜನ? ಗೋಡೆಯ ಮೇಲಿನ ಕಾಗದದಲ್ಲಿ ಇದು ಯಾವುದೂ ಬರೆದಿಲ್ಲ. ಬಾಬ್ ಜೋನ್ಸಿನವರು ಬರೆದು ಸಿಕ್ಕಿಹಾಕಿಕೊಂಡರು, ನಾವು ಬರೆಯದೆ ನಡೆಸುತ್ತಿದ್ದೇವೆ. ಬರೆದ ನಿಯಮವನ್ನು ಕೋರ್ಟು ಹೊಡೆದು ಹಾಕಬಹುದು. ಬರೆಯದ ನಿಯಮವನ್ನು ಹೊಡೆಯುವವರು ಯಾರು?

ಇನ್ನೂ ಒಂದಿದೆ. ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಕಾಯುವ ಕೆಲಸವನ್ನು ನಮ್ಮ ಹುಡುಗರು ತಾವೇ ವಹಿಸಿಕೊಂಡಿದ್ದಾರೆ. ಅವಳು ಯಾರ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು, ಯಾರ ಜೊತೆ ಲೈಬ್ರರಿಗೆ ಹೋದಳು ಅಂತ ಊರಿಗೆ ಸುದ್ದಿ ಮುಟ್ಟಿಸುವವರು ಯಾರು? "ಅವರ ಒಳ್ಳೇದಕ್ಕೇ" ಅನ್ನುತ್ತಾರೆ. ಗ್ರೀನ್‌ವಿಲ್‌ನಲ್ಲೂ ಇದನ್ನೇ ಅನ್ನುತ್ತಿದ್ದರು. ಹೆಣ್ಣನ್ನು ಕಾಯುವುದೇ ಜಾತಿಯನ್ನು ಕಾಯುವ ದಾರಿ ಅಂತ ಬಾಬಾಸಾಹೇಬರ 1916ರ ಪ್ರಬಂಧ ಬಿಡಿಸಿ ಹೇಳಿದೆ. ಅವರ ಫೋಟೋಗೆ ಹಾರ ಹಾಕುವ ಕೈ ಆ ಗೇಟಿನ ಚಿಲಕ ಹಿಡಿದಿರಬಾರದು.

ಹಾಗಾದರೆ ಯಾವ ನಿಯಮ ಪಾಲಿಸಬೇಕು, ಯಾವುದಕ್ಕೆ ಎದುರು ನಿಲ್ಲಬೇಕು? ನನಗೆ ತೋಚಿದ ಮೂರು ಪ್ರಶ್ನೆ ಇಡುತ್ತೇನೆ. ಈ ನಿಯಮ ಯಾರಿಗೋ ಆಗುವ ಕೇಡನ್ನು ತಪ್ಪಿಸುತ್ತದೆಯೆ, ಇಲ್ಲಾ ಯಾರದೋ ಮೇಲುತನವನ್ನು ಕಾಯುತ್ತದೆಯೆ? ನಾನು ಮಾಡಿದ್ದಕ್ಕೆ ಶಿಕ್ಷೆ ಕೊಡುತ್ತದೆಯೆ, ನಾನು ಹುಟ್ಟಿದ್ದಕ್ಕೆ ಕೊಡುತ್ತದೆಯೆ? ತನ್ನನ್ನು ಪ್ರಶ್ನಿಸುವುದಕ್ಕೆ ಬಿಡುತ್ತದೆಯೆ? ಬಾಬ್ ಜೋನ್ಸರ ನಾಲ್ಕನೆಯ ಅಂಶ ನೆನಪಿಸಿಕೊಳ್ಳಿ. ನಿಯಮದ ವಿರುದ್ಧ ಮಾತಾಡಿದವನನ್ನೂ ಹೊರಗೆ ಹಾಕುತ್ತಿದ್ದರು. ಪ್ರಶ್ನೆಗೆ ಹೆದರುವ ನಿಯಮ ತಾನು ಸುಳ್ಳು ಅಂತ ತಾನೇ ಒಪ್ಪಿಕೊಂಡ ಹಾಗೆ.

ಈ ಮೂರಕ್ಕೂ ಸರಿಯಾದ ಉತ್ತರ ಕೊಡುವ ನಿಯಮವನ್ನು ವಾರ್ಡನ್ನಿಗಿಂತ ಮೊದಲು ನಾವೇ ಪಾಲಿಸೋಣ. ಹಾಸ್ಟೆಲಿಗೆ ಕುಡಿದು ಬರುವುದು ಕ್ರಾಂತಿ ಅಲ್ಲ. ಹೊಸ ಹುಡುಗನನ್ನು ರಾತ್ರಿ ಎಬ್ಬಿಸಿ ಕುಣಿಸುವುದು ಸ್ವಾತಂತ್ರ್ಯ ಅಲ್ಲ. ಉತ್ತರ ಕೊಡಲಾರದ ನಿಯಮ ಮಾತ್ರ ಯಾರದ್ದೇ ಆಗಿರಲಿ, ವಾರ್ಡನ್ನಿನದೋ, ಊರಿನದೋ, ನಮ್ಮ ಅಪ್ಪನದೋ, ನಮ್ಮದೋ, ಅದರ ಎದುರು ಒಟ್ಟಿಗೆ ನಿಲ್ಲೋಣ.

ಶುರು ಮಾಡಲು ದೊಡ್ಡ ಮೆರವಣಿಗೆ ಬೇಕಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂರುವಾಗ ನಿಮ್ಮ ತಟ್ಟೆಯನ್ನು ಇನ್ನೊಂದು ಮೂಲೆಗೆ ತೆಗೆದುಕೊಂಡು ಹೋಗಿ. ಅಲ್ಲಿದ್ದವನನ್ನು ಅವನ ಹೆಸರು ಕೇಳಿ. ಅವನ ಕುಲ ಕೇಳಬೇಡಿ.

ಜೈ ಭೀಮ್.